ಕಂಡದ್ದು ಫೋಟೋದಲ್ಲಿ ಯಾಕೆ ಬರಲಿಲ್ಲ?

ಹಳೇಪೇಟೆ ಹುಡುಗ:
ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ. ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ರಜೆ ದಿನ ಹಳೇ ಕ್ಯಾಮೆರಾ, 50 ಎಂಎಂ ಲೆನ್ಸ್ ಹಿಡಿದು ತಿರುಗುವ ಚಟ.

ಮೊನ್ನೆ ಗೆಳೆಯನ ಜೊತೆ ಒಂದು ಮಂಡಕ್ಕಿ ಭಟ್ಟಿಗೆ ಹೋಗಿದ್ದೆ. ಮಂಡಕ್ಕಿ, ಮಿರ್ಚಿ ಇಲ್ಲದೆ ನಮ್ಮೂರಲ್ಲಿ ಸಂಜೆಯೇ ಆಗಲ್ಲ. ಆದರೂ ಅದನ್ನು ಹುರಿಯುವ ಜಾಗಕ್ಕೆ ನಾನು ಕಾಲಿಟ್ಟದ್ದು ಅದೇ ಮೊದಲು (ನಾಚಿಕೆ ಆಗಬೇಕು). ಗೋಡೆ, ತೊಲೆ ಎಲ್ಲಾ ಮಸಿ. ಗೆಳೆಯ, ಕಾದ ಮರಳಿನ ಮುಂದೆ ನಿಂತು ಹುರಿಯುವವರ ಮುಖ ತೆಗೆದ. ಸುತ್ತ ಹೊಗೆ, ಮೇಲಿಂದ ಬಿಸಿಲುಕೋಲು. ಚೆನ್ನಾಗಿದೆ, ಸುಳ್ಳು ಹೇಳಲ್ಲ. ಆದರೆ ಆ ಥರದ್ದು ಎಷ್ಟೋ ನೋಡಿದ್ದೇನೆ.

ನಾನು ತೆಗೆದದ್ದು ಗೋಡೆಯ ಮೊಳೆಗೆ ನೇತುಹಾಕಿದ್ದ ಒಂದು ಬಿಳಿ ಅಂಗಿ. ವಾಟ್ಸಾಪ್ ಗುಂಪಿಗೆ ಹಾಕಿದರೆ ಒಬ್ಬರು "ಲಾಂಡ್ರಿ ಜಾಹೀರಾತಾ?" ಅಂದರು. ಅದು ಹೋಗಲಿ, ಈಗ ನೋಡಿದರೆ ನನಗೂ ಅದರಲ್ಲಿ ಏನೂ ಕಾಣುತ್ತಿಲ್ಲ! ಅಲ್ಲಿ ನಿಂತಾಗ ಎದೆ ಝಲ್ ಅಂದಿತ್ತು. ಎಡವಟ್ಟು ಕಣ್ಣಿನದಾ, ಕ್ಯಾಮೆರಾದ್ದಾ?

ಐವತ್ತು ಎಂಎಂ:
ಕ್ಯಾಮೆರಾ ಆಟೋ ಮೋಡಿನಲ್ಲಿ ಇಟ್ಟಿದ್ದಿರಾ? ಬೆಳಕು ಅಳೆಯುವ ಅದರ ಮೀಟರಿಗೆ ಮಸಿ ಯಾವುದು, ಮಂಡಕ್ಕಿ ಯಾವುದು ಗೊತ್ತಾಗಲ್ಲ. ಏನು ತೋರಿಸಿದರೂ ನಡುವಿನ ಬೂದು ಬಣ್ಣಕ್ಕೆ ಎಳೆಯುತ್ತೆ. ಫ್ರೇಮ್ ತುಂಬ ಮಸಿ ಗೋಡೆ ಇದ್ದರೆ ಬೆಳಕು ಜಾಸ್ತಿ ಮಾಡಿ ಬೂದು ಮಾಡುತ್ತೆ. ಬಿಳಿ ಅಂಗಿ ತುಂಬಿದರೆ ಕಡಿಮೆ ಮಾಡಿ ಅದನ್ನೂ ಬೂದು ಮಾಡುತ್ತೆ. ಮಸಿ ಮಸಿಯಾಗೇ ಇರಬೇಕು ಅಂದರೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಮೀಟರ್ ಲೆಕ್ಕ ಹಾಕಿದ ಬೆಳಕನ್ನು ನಾವೇ ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಮೈನಸ್ 1ಕ್ಕೆ ಇಳಿಸಿ ನೋಡಿ.

ಧಾರವಾಡದ ಟೀಚರ್:
ಮೀಟರಿನ ಮಾತು ಆಮೇಲೆ. ತಮ್ಮಾ, ಅಷ್ಟೆಲ್ಲಾ ಬಿಟ್ಟು ನೀನು ಅಂಗಿಯನ್ನೇ ಯಾಕೆ ತೆಗೆದೆ? ಅದನ್ನು ಹೇಳು ಮೊದಲು.

ಹಳೇಪೇಟೆ ಹುಡುಗ:
ಟೀಚರ್, ಅದು ಇಸ್ತ್ರಿ ಮಾಡಿದ ಅಂಗಿ. ಮೇಲೆ ಪ್ಲಾಸ್ಟಿಕ್ ಕವರ್ ಹಾಕಿದ್ದರು. ಅಷ್ಟು ಮಸಿಯಲ್ಲಿ ಮಂಡಕ್ಕಿ ಬಿಟ್ಟರೆ ಬಿಳಿಯಾಗಿ ಇದ್ದದ್ದು ಅದೊಂದೇ. ಹುರಿಯುವವರು ಕೆಲಸ ಮುಗಿದ ಮೇಲೆ ಮುಖ ತೊಳೆದು, ಅದನ್ನು ಹಾಕಿಕೊಂಡು ಮನೆಗೆ ಹೋಗುತ್ತಾರಂತೆ. ನಮ್ಮಪ್ಪ ಗ್ಯಾರೇಜಿನಲ್ಲಿ ಇದ್ದಾಗ ಹಾಗೇ ಮಾಡುತ್ತಿದ್ದರು. ಬೀದಿಯವರು ಅವರನ್ನು ಆಫೀಸಿನವರು ಅಂದುಕೊಂಡಿದ್ದರು. ಅದಕ್ಕೇ ಇರಬೇಕು, ತೀರಾ ಹತ್ತಿರ ಹೋಗಿ ಅಂಗಿ ಮಾತ್ರ ತುಂಬಿಸಿಬಿಟ್ಟೆ.

ಅಯ್ಯೋ. ಮಸಿಯನ್ನು ನಾನೇ ಹೊರಗೆ ಬಿಟ್ಟೆ, ಅಲ್ವಾ?

ಧಾರವಾಡದ ಟೀಚರ್:
ಹೂಂ. ಇಲ್ಲಿ ಬರೆದದ್ದರಲ್ಲಿ ಕವರ್ ಇದೆ, ಮಸಿ ಇದೆ, ನಿಮ್ಮಪ್ಪ ಇದ್ದಾರೆ. ಫೋಟೋದಲ್ಲಿ ಬರೀ ಅಂಗಿ. ನಾಲ್ಕು ಹೆಜ್ಜೆ ಹಿಂದಕ್ಕೆ ಬಾ.

ಮಳೆ ನಿಂತ ಮೇಲೆ:
ಅಪ್ಪನನ್ನು ಫೋಟೋದೊಳಗೆ ತರಲು ಯಾವ ಲೆನ್ಸಿಗೂ ಆಗಲ್ಲ ಟೀಚರ್. ನೋಡುವವರಿಗೆ ಅದು ಗೊತ್ತಾಗಲೇಬೇಕು ಅಂತಲೂ ಇಲ್ಲ. ಪ್ರಾಗ್ ನಗರದ ಫೋಟೋಗ್ರಾಫರ್ ಯೋಸೆಫ್ ಸುಡೆಕ್ ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡವರು. 1940ರಿಂದ 1954ರವರೆಗೆ ತಮ್ಮ ಸ್ಟುಡಿಯೋದ ಕಿಟಕಿಯನ್ನೇ ಮತ್ತೆ ಮತ್ತೆ ತೆಗೆದರು. ಗಾಜಿನ ಮೇಲೆ ನೀರಹನಿ, ಆಚೆ ಒಂದು ಸೊಟ್ಟ ಮರ. ನಿಮ್ಮ ಗುಂಪಿಗೆ ಹಾಕಿದ್ದರೆ ಅವರಿಗೂ "ಗಾಜು ಒರೆಸಿ ಸ್ವಾಮಿ" ಅನ್ನುತ್ತಿದ್ದರು. ಸುಮ್ನೆ ಇನ್ನೊಂದು ಸಲ ಹೋಗಿ ಬನ್ನಿ.

ಹಳೇಪೇಟೆ ಹುಡುಗ:
ಹೋಗಿ ಬಂದೆ. ಅಂಗಿ ಇರಲಿಲ್ಲ, ಅವರು ಮದುವೆಗೆ ಅಂತ ಊರಿಗೆ ಹೋಗಿದ್ದಾರಂತೆ. ಮೊಳೆ ಇತ್ತು. ಅದರ ಕೆಳಗೆ ಅಂಗಿ ತೂಗುವಷ್ಟು ಜಾಗದಲ್ಲಿ ಮಾತ್ರ ಗೋಡೆಯ ಮಸಿ ತೆಳು. ಮೈನಸ್ 1 ಇಟ್ಟು, ಹಿಂದೆ ನಿಂತು ಅದನ್ನೇ ತೆಗೆದೆ. ಗುಂಪಿಗೆ ಹಾಕಿಲ್ಲ. ಅಪ್ಪನಿಗೆ ತೋರಿಸಿದೆ. ಕನ್ನಡಕ ತರಿಸಿಕೊಂಡು ನೋಡಿ, "ಯಾರದ್ದೋ ಅಂಗಿ ಇತ್ತಲ್ಲ ಇಲ್ಲಿ" ಅಂದರು.