ಕಾಯ್ದೆಯನ್ನೂ ಕೋರ್ಟಿನಲ್ಲಿ ಸಾಬೀತು ಮಾಡಬೇಕಾ?

ಪ್ರಶ್ನೆ (ಹಾಸನದಿಂದ)
ನನಗೆ 57 ವರ್ಷ, ಹೊಲಿಗೆ ಕೆಲಸ. ಅಪ್ಪನ ಕಡೆಯ ಜಮೀನಿನಲ್ಲಿ ಪಾಲು ಕೇಳಿ 2022ರಲ್ಲಿ ದಾವಾ ಹಾಕಿದ್ದೇನೆ. ಮುಂದಿನ ವಾರ ನನ್ನ ಸಾಕ್ಷಿ. 1989ರಲ್ಲೇ ನಿನ್ನ ಮದುವೆ ಆಗಿದೆ, ಪಾಲಿಲ್ಲ ಅಂತಾನೆ ಅಣ್ಣ. ಕೋರ್ಟಿನ ಹೊರಗೆ ಟೈಪ್ ಮಾಡಿಕೊಡುವ ಒಬ್ಬರು, ಹೆಣ್ಣುಮಕ್ಕಳಿಗೆ ಪಾಲು ಕೊಟ್ಟ ಕಾಯ್ದೆಯ ಸರ್ಟಿಫೈಡ್ ಕಾಪಿ ಹಾಜರು ಮಾಡಬೇಕು, 3000 ರೂಪಾಯಿ ಆಗುತ್ತದೆ ಅಂದರು. ನಿಜವಾ? ಬಟ್ಟೆ ಹೊಲಿದು ಕೂಡಿಟ್ಟ ದುಡ್ಡು ಅದು.

ಉತ್ತರ 1
ಆ ದುಡ್ಡು ಕೊಡಬೇಡಿ ಅಮ್ಮಾ. ನಾನು 31 ವರ್ಷ ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದವನು. ಸಾಕ್ಷ್ಯವಾಗಿ ಬಂದ ಪಹಣಿಗೆ, ಕ್ರಯಪತ್ರಕ್ಕೆ ನಿ.ಪಿ.1, ನಿ.ಪಿ.2 (ದಾವಾ ಹಾಕಿದವರ ದಾಖಲೆಯ ಗುರುತು) ಅಂತ ನಂಬರ್ ಹಾಕಿದ್ದೇನೆ. ಕಾಯ್ದೆಗೆ ಒಂದು ದಿನವೂ ಹಾಕಿಲ್ಲ.

ಭಾರತದಲ್ಲಿ ಜಾರಿಯಲ್ಲಿರುವ ಎಲ್ಲ ಕಾನೂನನ್ನೂ ನ್ಯಾಯಾಧೀಶರು ತಾವಾಗಿಯೇ ಗಮನಕ್ಕೆ ತೆಗೆದುಕೊಳ್ಳಬೇಕು. 1872ರ ಸಾಕ್ಷ್ಯ ಕಾಯ್ದೆಯ 56, 57ನೇ ಕಲಂ ಇದನ್ನೇ ಹೇಳುತ್ತವೆ. 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅವೇ 51, 52. ನಿಮ್ಮದು 2022ರ ದಾವಾ, ಹೊಸದು ಬಂದ ದಿನ ನಡೆಯುತ್ತಿದ್ದ ಕೇಸುಗಳಿಗೆ ಹಳೆಯದೇ ಅನ್ವಯ.

ಒಂದು ಮಾತು ಮಾತ್ರ ನೆನಪಿಡಿ. ಯಾವುದಾದರೂ ಕಾಯ್ದೆ ಕೈಗೆ ಸಿಗದಿದ್ದರೆ ಪುಸ್ತಕ ಕೊಡಿ ಅಂತ ಕೋರ್ಟು ಕೇಳಬಹುದು. ಅದು ಓದಲಿಕ್ಕೆ ಕೊಡುವುದು, ಸಾಕ್ಷಿಯಲ್ಲ. ಇಂಡಿಯಾ ಕೋಡ್ ವೆಬ್‌ಸೈಟಿನಲ್ಲಿ ಸುಮ್ನೆ ಇಳಿಸಿಕೊಂಡು ಪ್ರಿಂಟ್ ತೆಗೆದು ವಕೀಲರ ಕೈಗೆ ಕೊಡಿ.

ನಿಮ್ಮ ಅಣ್ಣ ಹೇಳುವುದು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ 1994ರ ತಿದ್ದುಪಡಿ. ಅದರಲ್ಲಿ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಬಿಟ್ಟಿದ್ದರು. 2005ರ ಕೇಂದ್ರ ತಿದ್ದುಪಡಿ ಆ ಭೇದ ಇಟ್ಟುಕೊಂಡಿಲ್ಲ. ಅಪ್ಪ ಆಗ ಬದುಕಿರಬೇಕು ಅಂತಲೂ ಇಲ್ಲ ಎಂದು 2020ರಲ್ಲಿ ವಿನೀತಾ ಶರ್ಮಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನೀವು ಸಾಬೀತು ಮಾಡಬೇಕಾದ್ದು ಬೇರೆ: ನೀವು ಅವರ ಮಗಳು, ಜಮೀನು ಪಿತ್ರಾರ್ಜಿತ. ವಂಶವೃಕ್ಷ, ತಾತನ ಹೆಸರಿನ ಪಹಣಿ, ಮ್ಯುಟೇಶನ್ ಇವಕ್ಕೆ ಓಡಾಡಿ. 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ಆದ ಪಾಲುಪಟ್ಟಿ ಇದೆ ಅಂತ ಅಣ್ಣ ಹೇಳಿದರೆ, ಅದನ್ನು ತೋರಿಸುವ ಹೊಣೆ ಅವರದು.

ಉತ್ತರ 2
ಕಾನೂನನ್ನು ಸಾಬೀತು ಮಾಡಬೇಕಿಲ್ಲ ಅನ್ನುವುದು ನಮ್ಮ ದೇಶದ ಕಾನೂನಿಗೆ ಮಾತ್ರ. ನನ್ನ ತಂಗಿಯ ಕೇಸಿನಲ್ಲಿ ದುಬೈ ಕಾನೂನಿನ ವಿಚಾರ ಬಂತು. ಅದನ್ನು ಬೇರೆ ಯಾವುದೇ ಸಂಗತಿಯಂತೆ ಸಾಬೀತು ಮಾಡಬೇಕಾಯಿತು, ಅಲ್ಲಿನ ಕಾನೂನು ಬಲ್ಲವರಿಂದ ಅಭಿಪ್ರಾಯ ತರಿಸಿದೆವು. ತುಂಬಾ ಖರ್ಚಾಯಿತು.

ಉತ್ತರ 3 (ಉಡುಪಿ)
ರೂಢಿಗೂ ಸಾಕ್ಷಿ ಬೇಕಾಗುತ್ತದೆ. ನಮ್ಮ ಕಡೆಯ ಅಳಿಯಸಂತಾನಕ್ಕೆ (ತಾಯಿಯ ಕಡೆಯಿಂದ ಆಸ್ತಿ ಬರುವ ಪದ್ಧತಿ) 1949ರ ಮದ್ರಾಸ್ ಕಾಯ್ದೆ ಇದೆ, ಅದನ್ನು ಯಾರೂ ಸಾಬೀತು ಮಾಡಬೇಕಿಲ್ಲ. ಆದರೆ ನಮ್ಮ ಮನೆತನದಲ್ಲಿ ಬೇರೆ ಕಟ್ಟಳೆ ಇತ್ತು ಅಂದರೆ ಹಿರಿಯರನ್ನು ಕರೆತಂದು ಹೇಳಿಸಬೇಕು.

ಪ್ರಶ್ನೆ ಕೇಳಿದವರು
ನಿಮಗೆಲ್ಲ ತುಂಬಾ ಥ್ಯಾಂಕ್ಸ್. ವಂಶವೃಕ್ಷ ಆಗಲೇ ಕೊಟ್ಟಿದ್ದೇವೆ. ತಾತನ ಹೆಸರಿನ ಕೈಬರಹದ ಪಹಣಿ ಮಾತ್ರ ಇಲ್ಲ. ಎಲ್ಲಿ ಕೇಳಲಿ?

ಉತ್ತರ 1
ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಅಮ್ಮಾ. ಸರ್ವೆ ನಂಬರ್ ಬರೆದುಕೊಂಡು ನಾಳೆ ಬೆಳಿಗ್ಗೆಯೇ ಹೋಗಿ. ಸರ್ಟಿಫೈಡ್ ಕಾಪಿ ಬೇಕಾಗಿರುವುದು ಅದಕ್ಕೆ.