ಅರೇಬಿಕ್‌ನಲ್ಲಿ 'ನನ್ನ', 'ನಿನ್ನ' ಎಲ್ಲಿ ಹಾಕಬೇಕು?

ವಿಜಯಪುರದ ನರ್ಸ್:
ಕೆಲಸಕ್ಕೆ ಕುವೈತ್‌ಗೆ ಹೊರಟಿದ್ದೇನೆ. ರಾತ್ರಿ ಡ್ಯೂಟಿಯಲ್ಲಿ ಬಿಡುವಾದಾಗ ಅರೇಬಿಕ್ ಓದುತ್ತೇನೆ. 'ಬತ್ನ್' ಅಂದ್ರೆ ಹೊಟ್ಟೆ, ಗೊತ್ತಾಯ್ತು. 'ನಿಮ್ಮ ಹೊಟ್ಟೆ' ಅನ್ನಬೇಕಾದರೆ? ಪೇಷಂಟ್ ಹತ್ತಿರ ತಪ್ಪು ಮಾತಾಡಬಾರದು ಅನ್ನೋದೇ ಚಿಂತೆ.

ಇಂಡಿ ರೋಡ್ ಮೇಷ್ಟ್ರು:
ತಂಗಿ, ಬೇರೆ ಪದ ಬೇಡ. ಪದದ ಕೊನೆಗೇ ಅಂಟಿಸಬೇಕು. ನನ್ನ ಹೊಟ್ಟೆ 'ಬತ್ನೀ'. ಗಂಡಸಿಗೆ 'ಬತ್ನುಕ', ಹೆಂಗಸಿಗೆ 'ಬತ್ನುಕಿ'. ಅವನದು 'ಬತ್ನುಹು', ಅವಳದು 'ಬತ್ನುಹಾ'. ನಮ್ಮ ಅನ್ನೋದಕ್ಕೆ 'ನಾ': 'ಬೈತುನಾ', ನಮ್ಮ ಮನೆ. ಇದು ಬಂದ ಮೇಲೆ ಮುಂದೆ 'ಅಲ್' (ಇಂಗ್ಲಿಷ್‌ನ 'the' ಇದ್ದ ಹಾಗೆ) ಹಾಕಲೇಬೇಡಿ, 'ಅಲ್ ಬತ್ನುಕ' ಆಗೋದಿಲ್ಲ.

ಇನ್ನೊಂದು ಮಾತು. ಎದುರಿಗೆ ಅಜ್ಜ ಇದ್ದರೂ ಒಬ್ಬರೇ ಆದರೆ ಸಾಮಾನ್ಯವಾಗಿ 'ಕ' ನಡೆಯುತ್ತದೆ. ನಮ್ಮ 'ನೀವು' ನೆನೆದು ಹಿಂಜರಿಯಬೇಡಿ. ಹೆಸರು ಕೇಳೋಕೆ 'ಮಾ ಇಸ್ಮುಕ?', ಹೆಂಗಸಿಗೆ 'ಮಾ ಇಸ್ಮುಕಿ?'

ವಿಜಯಪುರದ ನರ್ಸ್:
ತುಂಬಾ ಉಪಕಾರ ಆಯ್ತು ಸರ್. 'ಗುರ್ಫಾ', ರೂಮು, ಅದಕ್ಕೂ ಹೀಗೇನಾ?

ಇಂಡಿ ರೋಡ್ ಮೇಷ್ಟ್ರು:
ಒಳ್ಳೆ ಪ್ರಶ್ನೆ. ಕೊನೆಯ 'ಆ' ಒಳಗೆ ಅಡಗಿದ್ದ 'ತ' ಹೊರಗೆ ಬರುತ್ತದೆ. 'ಗುರ್ಫತೀ', 'ಗುರ್ಫತುಕ'. ಇದನ್ನು ಬಾಯಿಗೆ ಬರುವ ತನಕ ಹೇಳಿಕೊಳ್ಳಿ, ಬಹಳ ಜನ ಇಲ್ಲೇ ಎಡವುತ್ತಾರೆ.

ಬಾಗಲಕೋಟೆ, ಈಗ ದುಬೈ:
ಅಕ್ಕಾರೆ, ಮೇಲೆ ಹೇಳಿದ್ದು ಪುಸ್ತಕದ ಅರೇಬಿಕ್. ಜನರ ಬಾಯಲ್ಲಿ ಕೊನೆಯ ಸ್ವರ ಬಿದ್ದು ಹೋಗುತ್ತದೆ, ಗಂಡಸಿಗೆ 'ಇಸ್ಮಕ್' ಅಂತಾರೆ. ಎರಡೂ ಕಿವಿಗೆ ಬಿದ್ದಿರಲಿ.