ಮನೆಯ ಸ್ಲೀಪ್ ಟೆಸ್ಟ್‌ನಲ್ಲಿ ಎಎಚ್‌ಐ (ಗಂಟೆಗೆ ಎಷ್ಟು ಸಲ ಉಸಿರು ಕಟ್ಟಿತು ಅಥವಾ ಕುಗ್ಗಿತು ಎಂಬ ಲೆಕ್ಕ) 4: ಆಪ್ನಿಯಾ (ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ) ಇಲ್ಲ ಅಂತಲೇ?

ಪ್ರಶ್ನೆ: ಜೋರು ಗೊರಕೆ, ಹಗಲೆಲ್ಲ ತೂಕಡಿಕೆ. ಆದರೂ ರಿಪೋರ್ಟ್ ನಾರ್ಮಲ್. ಬೆಂಗಳೂರಲ್ಲಿ ಮುಂದೇನು ಮಾಡಿಸಬೇಕು?

ಉತ್ತರ 1: ಅಷ್ಟಕ್ಕೇ ಬಿಡಬೇಡಿ. ಮನೆಯ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಇಇಜಿ (ಮಿದುಳಿನ ಅಲೆ ನೋಡಿ ನಿದ್ದೆ ಬಂತೇ ಎಂದು ತಿಳಿಸುವ ಅಳತೆ) ಇರುವುದಿಲ್ಲ. ನಿದ್ದೆ ಬಾರದೆ ಹೊರಳಾಡಿದ ಹೊತ್ತೂ ಲೆಕ್ಕಕ್ಕೆ ಬರುತ್ತದೆ. 28 ಸಲ ಉಸಿರು ಕಟ್ಟಿದ್ದರೆ 7 ಗಂಟೆಯ ರೆಕಾರ್ಡಿಂಗ್‌ಗೆ ಎಎಚ್‌ಐ 4. ನಿಜವಾಗಿ ನಿದ್ದೆ ಮಾಡಿದ್ದು 4 ಗಂಟೆಯಾದರೆ 7. ಆಪ್ನಿಯಾದ ಗಡಿ ಇರುವುದೇ 5ಕ್ಕೆ! ಲ್ಯಾಬಿನಲ್ಲಿ ಪಾಲಿಸೋಮ್ನೋಗ್ರಫಿ (ಇಇಜಿಯೂ ಇರುವ ರಾತ್ರಿಯ ನಿದ್ದೆ ಪರೀಕ್ಷೆ) ಮಾಡಿಸಿ, ನಿಮ್ಹಾನ್ಸ್‌ನಲ್ಲೂ ಇದೆ.

ಉತ್ತರ 2: ಸಿಪ್ಯಾಪ್ (ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಡುವ ಯಂತ್ರ) ಬರೆದುಕೊಟ್ಟರೆ ಮಾಸ್ಕನ್ನು ಮಲಗಿಕೊಂಡೇ ಹಾಕಿ ನೋಡಿ. ಕೂತಾಗ ಸರಿಯಿದ್ದದ್ದು ಮಲಗಿದಾಗ ಸೋರುತ್ತದೆ. ಪಟ್ಟಿ ಅತಿಯಾಗಿ ಬಿಗಿದರೆ ಅಂಚು ಮಡಚಿ ಇನ್ನೂ ಸೋರುತ್ತದೆ. ಯಂತ್ರದ ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್‌ಗೆ ಬೋರ್‌ವೆಲ್ ನೀರು ಬೇಡವೇ ಬೇಡ, ಬಿಳಿ ಪದರ ಕಟ್ಟುತ್ತದೆ; ಡಿಸ್ಟಿಲ್ಡ್ ನೀರು ಹಾಕಿ, ದಿನಾ ಬದಲಿಸಿ.

ಉತ್ತರ 3: ತೂಕ ಇಳಿಸುವ ಟಿರ್ಜೆಪಟೈಡ್ ಇಂಜೆಕ್ಷನ್ ಆಪ್ನಿಯಾ ಇರುವ ಎಲ್ಲರಿಗೂ ಅಲ್ಲ. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಇದನ್ನು ಆಪ್ನಿಯಾಕ್ಕೆ ಒಪ್ಪಿದ್ದು ಬೊಜ್ಜಿನ ಜೊತೆ ಮಧ್ಯಮ ಅಥವಾ ತೀವ್ರ ಆಪ್ನಿಯಾ ಇರುವ ವಯಸ್ಕರಿಗೆ ಮಾತ್ರ.